ಡಿಜಿಟಲ್ ಕೇಬಲ್ ಬದಲಿಸಿದರೆ ಸಂಗೀತ ಬದಲಾಗುತ್ತದೆಯೇ?

2025ರ ಸೆಪ್ಟೆಂಬರ್‌ನಲ್ಲಿ ಸ್ಪಾಟಿಫೈ ತನ್ನ ಚಂದಾದಾರರಿಗೆ ಲಾಸ್‌ಲೆಸ್ ಆಡಿಯೋ ಕೊಡಲು ಶುರುಮಾಡಿತು. ಆ್ಯಪಲ್ ಮ್ಯೂಸಿಕ್ 2021ರಲ್ಲೇ ಈ ದಾರಿ ಹಿಡಿದಿತ್ತು. ಕಡತದ ಗಾತ್ರ ಇಳಿಸಲೆಂದು ಸಂಗೀತದ ಒಂದಷ್ಟು ಭಾಗವನ್ನು ಕಿತ್ತುಹಾಕುವ ಎಂಪಿ3 ಕಾಲದ ರೂಢಿಯನ್ನು ಬಿಟ್ಟು, ಇಡೀ ದತ್ತಾಂಶವನ್ನು ಮನೆಗೆ ಮುಟ್ಟಿಸುವುದೇ ಲಾಸ್‌ಲೆಸ್. ಆದರೆ ಸುದ್ದಿಯ ಬೆನ್ನಿಗೇ ಒಂದು ಷರತ್ತೂ ಬಂತು. ಬ್ಲೂಟೂತ್‌ನಲ್ಲಿ ಇಷ್ಟು ದತ್ತಾಂಶ ಹಿಡಿಸುವುದಿಲ್ಲ, ವೈಫೈ ಅಥವಾ ತಂತಿಯನ್ನೇ ಬಳಸಿ ಎಂದರು. ವರ್ಷಗಳಿಂದ ತಂತಿಯ ಗೋಜಿಗೇ ಹೋಗದಿದ್ದವರು ಈಗ ಮತ್ತೆ ಕೇಬಲ್ ಹುಡುಕುತ್ತಿದ್ದಾರೆ.

ಹುಡುಕಲು ಹೊರಟವರ ಕಿವಿಗೆ ಎರಡು ಮಾತು ಬೀಳುತ್ತವೆ. ‘ಡಿಜಿಟಲ್ ಅಂದರೆ ಸೊನ್ನೆ ಮತ್ತು ಒಂದು, ಅಷ್ಟೇ. ಯಾವ ಕೇಬಲ್ ಹಾಕಿದರೂ ಒಂದೇ’ ಎನ್ನುತ್ತದೆ ಒಂದು ಪಾಳಯ. ‘ಒಳ್ಳೆಯ ಯುಎಸ್‌ಬಿ ಕೇಬಲ್ ಹಾಕಿ ನೋಡಿ, ಹಾಡುವವರ ಉಸಿರೂ ಕೇಳಿಸುತ್ತದೆ, ಬಾಸ್ ಬಿಗಿಯಾಗುತ್ತದೆ’ ಎನ್ನುತ್ತದೆ ಇನ್ನೊಂದು. ಎರಡೂ ಕಡೆ ಅನುಭವಸ್ಥರಿದ್ದಾರೆ, ಎರಡೂ ಕಡೆ ಸ್ವಲ್ಪ ಸ್ವಲ್ಪ ನಿಜವಿದೆ. ಹಾಗೆಂದು ಅಡ್ಡಗೋಡೆಯ ಮೇಲೆ ದೀಪ ಇಡಬೇಕಾಗಿಲ್ಲ. ಯಾವ ಮಾತು ಎಲ್ಲಿಯವರೆಗೆ ನಿಜ ಎಂದು ಬಿಡಿಸಿ ನೋಡಿದರೆ ಖಚಿತವಾದ ಉತ್ತರವೇ ಸಿಗುತ್ತದೆ.

ಅನಲಾಗ್ ಕಾಲದ ನೆನಪು

ಕೇಬಲ್‌ನಿಂದ ಧ್ವನಿ ಬದಲಾಗುತ್ತದೆ ಎಂಬ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅನಲಾಗ್ ತಂತಿಯಲ್ಲಿ ಹರಿಯುವ ವೋಲ್ಟೇಜಿನ ಏರಿಳಿತವೇ ಸಂಗೀತದ ಆಕಾರ. ಆ ಆಕಾರ ಎಷ್ಟು ಬದಲಾಯಿತೋ ಧ್ವನಿಯೂ ಅಷ್ಟೇ ಬದಲಾಗುತ್ತದೆ. ಗ್ರಾಮಫೋನ್ ತಟ್ಟೆಯ ಮುಳ್ಳಿನಿಂದ ಹೊರಡುವ ತಂತಿಯ ಕೆಪಾಸಿಟೆನ್ಸ್, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಗುಣ, ಹೆಚ್ಚಿದ್ದರೆ, ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವ ಮೇಲಿನ ಸ್ವರಗಳ ಸ್ವರೂಪ ಅಳತೆಗೆ ಸಿಗುವಷ್ಟು ಬದಲಾಗುತ್ತದೆ. ತೀರಾ ತೆಳುವಾದ ತಂತಿಯನ್ನು ದೂರದ ಸ್ಪೀಕರಿಗೆ ಎಳೆದರೆ ಅದರ ರೋಧದಿಂದ ಧ್ವನಿಯ ಸಮತೋಲನ ಕೆಡುತ್ತದೆ.

1982ರಲ್ಲಿ ಸಿಡಿ ಬಂದ ಮೇಲೆ ತಂತಿಯಲ್ಲಿ ಹರಿಯುವ ವಸ್ತುವೇ ಬೇರೆಯಾಯಿತು. ಅದನ್ನು ಬಣ್ಣಿಸುವ ಮಾತುಗಳು ಮಾತ್ರ ಹಳೆಯವೇ ಉಳಿದವು. ‘ಬೆಚ್ಚಗಿನ ಧ್ವನಿ’, ‘ತೆರೆದ ಟ್ರೆಬಲ್’, ‘ಬಿಗಿಯಾದ ಬಾಸ್’ ಎಂದು ಅನಲಾಗ್ ತಂತಿಗೆ ಹೇಳುತ್ತಿದ್ದುದನ್ನೇ ಡಿಜಿಟಲ್ ತಂತಿಗೂ ಹೇಳತೊಡಗಿದರು. ಇಂದಿನ ಗೊಂದಲದ ಬೇರು ಇರುವುದು ಇಲ್ಲಿ.

ತಂತಿಯಲ್ಲಿ ಹರಿಯುವುದೇನು?

‘ಕೇಬಲ್‌ನಲ್ಲಿ ಸೊನ್ನೆ, ಒಂದು ಎಂಬ ಅಂಕಿಗಳು ಓಡುವುದಿಲ್ಲ, ಓಡುವುದು ವೋಲ್ಟೇಜೇ’ ಎಂದು ಕೇಬಲ್ ಪರ ವಾದಿಸುವವರು ಹೇಳುತ್ತಾರೆ. ಈ ಮಾತು ಪೂರ್ತಿ ನಿಜ. ಸಿಡಿ ಪ್ಲೇಯರ್‌ನ ಹಿಂಬದಿಯ ಕೋಆಕ್ಸಿಯಲ್ ಡಿಜಿಟಲ್ ಕಿಂಡಿಯಿಂದ ಹೊರಬರುವುದು ಸುಮಾರು ಅರ್ಧ ವೋಲ್ಟಿನ ಒಳಗೆ ಏರಿಳಿಯುವ ಚೌಕಾಕಾರದ ಅಲೆ. ತಂತಿ ಉದ್ದವಾದಷ್ಟೂ ಆ ಚೌಕದ ಮೂಲೆಗಳು ಸವೆಯುತ್ತವೆ, ಅಂಚುಗಳು ಓರೆಯಾಗುತ್ತವೆ, ಹೊರಗಿನ ಗದ್ದಲವೂ ಒಂದಿಷ್ಟು ಬೆರೆಯುತ್ತದೆ.

ಆದರೆ ಅನಲಾಗ್‌ಗೂ ಇದಕ್ಕೂ ಇರುವ ವ್ಯತ್ಯಾಸ ತಂತಿಯ ಆ ತುದಿಯಲ್ಲಿದೆ. ಅಲ್ಲಿ ಕುಳಿತ ಚಿಪ್ ಅಲೆಯ ಚೆಂದವನ್ನು ನೋಡುವುದಿಲ್ಲ. ಈ ಗಳಿಗೆಯಲ್ಲಿ ವೋಲ್ಟೇಜ್ ಗೆರೆಯ ಮೇಲಿದೆಯೋ ಕೆಳಗಿದೆಯೋ ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತದೆ. ಕೈಬರಹದ ಕಾಗದವನ್ನು ಟೈಪ್ ಮಾಡಿಸಿದ ಹಾಗೆ. ಅಕ್ಷರ ಸೊಟ್ಟಗಿದ್ದರೂ, ಮಸಿ ಸ್ವಲ್ಪ ಹರಡಿದ್ದರೂ ಟೈಪಿಸುವವರು ‘ಕ’ವನ್ನು ‘ಕ’ ಎಂದೇ ಓದುತ್ತಾರೆ, ಅಚ್ಚಾಗಿ ಬಂದ ಪ್ರತಿಯಲ್ಲಿ ಸೊಟ್ಟತನದ ಗುರುತೂ ಇರುವುದಿಲ್ಲ. ‘ಥ’ ಯಾವುದು ‘ಧ’ ಯಾವುದು ಎಂದು ಗುರುತಿಸಲಾಗದಷ್ಟು ಬರಹ ಕೆಟ್ಟಾಗ ಮಾತ್ರ ತಪ್ಪು ನುಸುಳುತ್ತದೆ. ಹಾಗೆ ನುಸುಳಿದ ತಪ್ಪು ಕಾಗದದ ಧಾಟಿಯನ್ನು ಮೃದುವಾಗಿಸುವುದಿಲ್ಲ, ಒಂದು ಪದವನ್ನು ಕೆಡಿಸುತ್ತದೆ.

ಬಿಟ್ ತಪ್ಪಿದರೆ ಏನು ಕೇಳಿಸುತ್ತದೆ?

ಇಡೀ ಚರ್ಚೆಯ ತಿರುಳು ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಸಿಡಿ ಗುಣಮಟ್ಟದ ಸಂಗೀತದಲ್ಲಿ ಪ್ರತಿ ಚಾನೆಲ್‌ಗೆ ಸೆಕೆಂಡಿಗೆ 44,100 ಮಾದರಿಗಳು, ಅಂದರೆ ಆಯಾ ಗಳಿಗೆಯ ಧ್ವನಿಯ ಅಳತೆಗಳು, ಇರುತ್ತವೆ, ಒಂದೊಂದೂ ಸೊನ್ನೆ ಅಥವಾ ಒಂದಾಗಿರುವ 16 ಬಿಟ್‌ಗಳ ಸಂಖ್ಯೆ. ಕೇಬಲ್ ದೋಷದಿಂದ ಒಂದು ಬಿಟ್ ತಿರುವುಮುರುವಾಯಿತು ಎಂದುಕೊಳ್ಳೋಣ. ಅದು ಸಂಖ್ಯೆಯ ಕಟ್ಟಕಡೆಯ ಬಿಟ್ ಆಗಿದ್ದರೆ ಆಗುವ ವ್ಯತ್ಯಾಸ ಒಟ್ಟು ವ್ಯಾಪ್ತಿಯ 65,536ರಲ್ಲಿ ಒಂದು ಪಾಲು. ಯಾರಿಗೂ ಕೇಳಿಸದು. ಮೊದಲನೆಯ ಬಿಟ್ ಆಗಿದ್ದರೆ ಆ ಕ್ಷಣದ ಮೌಲ್ಯ ಇಡೀ ವ್ಯಾಪ್ತಿಯ ಅರ್ಧದಷ್ಟು ದೂರಕ್ಕೆ ಜಿಗಿಯುತ್ತದೆ, ಸ್ಪೀಕರಿನಲ್ಲಿ ‘ಟಪ್’ ಎಂದು ಸದ್ದಾಗುತ್ತದೆ. ಯಾವ ಬಿಟ್‌ಗೆ ಪೆಟ್ಟು ಬೀಳಬೇಕು ಎಂದು ಕೇಬಲ್ ಆರಿಸಿಕೊಳ್ಳಲಾರದು, ಯಾವ ಬಿಟ್ ಮೊದಲನೆಯದು ಎಂಬ ಅರಿವು ತಂತಿಗಿಲ್ಲ.

ಈಗ ‘ಟ್ರೆಬಲ್ ಮೃದುವಾಯಿತು’ ಎಂಬ ಅನುಭವಕ್ಕೆ ಬರೋಣ. ಟ್ರೆಬಲ್ ನಿಜಕ್ಕೂ ಮೃದುವಾಗಬೇಕಾದರೆ ಪ್ರತಿ ಮಾದರಿಯನ್ನೂ ಅದರ ಅಕ್ಕಪಕ್ಕದ ಮಾದರಿಗಳೊಂದಿಗೆ ತೂಗಿ, ಗುಣಿಸಿ, ಕೂಡಿ ಹೊಸ ಸಂಖ್ಯೆ ಬರೆಯಬೇಕು. ಆ್ಯಪಿನಲ್ಲಿರುವ ಈಕ್ವಲೈಸರ್ ಮಾಡುವುದು ಈ ಲೆಕ್ಕವನ್ನೇ. ಸೆಕೆಂಡಿಗೆ 44,100 ಸಲ, ಒಂದೂ ತಪ್ಪದಂತೆ, ಒಂದೇ ಸೂತ್ರ ಹಿಡಿದು ನಡೆಯುವ ಗಣಿತವದು. ತಾಮ್ರದ ತಂತಿ, ಬೆಳ್ಳಿಯ ಲೇಪ, ಬಟ್ಟೆಯ ಹೊದಿಕೆ ಇವು ಯಾವುವೂ ಅಂಥ ಲೆಕ್ಕ ಮಾಡಲಾರವು. ಕೇಬಲ್ ಕೆಟ್ಟರೆ ಟಪಟಪ ಸದ್ದು ಬರುತ್ತದೆ, ಸಂಗೀತ ತುಂಡಾಗುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ಸಿಡಿ ಪ್ಲೇಯರ್‌ನ ಆ ಕೋಆಕ್ಸಿಯಲ್ ಕಿಂಡಿ ಬಳಸುವ ಎಸ್‌ಪಿಡಿಐಎಫ್ ಎಂಬ ಡಿಜಿಟಲ್ ಸಂಪರ್ಕದಲ್ಲಿ ಪ್ರತಿ ಮಾದರಿಯ ಜೊತೆಗೂ ತಪ್ಪು ಪತ್ತೆಗೆಂದು ಒಂದು ಪ್ಯಾರಿಟಿ ಬಿಟ್ ಇರುತ್ತದೆ. ತಪ್ಪು ಕಂಡರೆ ಸ್ವೀಕರಿಸುವ ಚಿಪ್ ಹಿಂದಿನ ಮಾದರಿಯನ್ನೇ ಮುಂದುವರಿಸುತ್ತದೆ ಅಥವಾ ಒಂದು ಕ್ಷಣ ಸದ್ದನ್ನು ಅಡಗಿಸುತ್ತದೆ.

ಇದನ್ನು ಕಣ್ಣಾರೆ ನೋಡುವ ದಾರಿಯೊಂದಿದೆ. ಡಿಟಿಎಸ್ ವಿಧಾನದಲ್ಲಿ ಕಟ್ಟಿದ ಬಹುಚಾನೆಲ್ ಧ್ವನಿಯನ್ನು ಸಾಮಾನ್ಯ ಸಿಡಿ ದತ್ತಾಂಶದ ವೇಷದಲ್ಲಿ ಕಳಿಸಬಹುದು. ಬಿಟ್‌ಗಳು ಹೊರಟ ಹಾಗೆಯೇ ತಲುಪಿದರೆ ಹೋಮ್ ಥಿಯೇಟರಿನ ಎವಿ ರಿಸೀವರ್ ಅದನ್ನು ಗುರುತಿಸಿ, ಮುಂಭಾಗದಲ್ಲಿ ಡಿಟಿಎಸ್ ಎಂದು ತೋರಿಸಿ, ಐದೂ ದಿಕ್ಕಿನಿಂದ ಸಂಗೀತ ನುಡಿಸುತ್ತದೆ. ಕಂಪ್ಯೂಟರಿನಲ್ಲಿ ವಾಲ್ಯೂಮ್ ಗುಂಡಿಯನ್ನು ಒಂದು ಹೆಜ್ಜೆ ಇಳಿಸಿ ನೋಡಿ. ಪ್ರತಿ ಸಂಖ್ಯೆಯೂ ಬದಲಾಗಿ, ಡಿಟಿಎಸ್ ಗುರುತು ಮಾಯವಾಗುತ್ತದೆ, ಸಂಗೀತದ ಬದಲು ಜೋರಾದ ಭೋರ್ ಸದ್ದು ಬರಬಹುದು. ಹಾಗಾಗಿ ಈ ಪ್ರಯೋಗವನ್ನು ರಿಸೀವರಿನ ಸದ್ದು ತಗ್ಗಿಸಿಕೊಂಡೇ ಮಾಡಬೇಕು. ಪೆಟ್ಟಿಗೆಯ ಜೊತೆ ಪುಕ್ಕಟೆ ಬಂದ ಸಾಧಾರಣ ಕೇಬಲ್‌ನಲ್ಲೂ ಡಿಟಿಎಸ್ ಗುರುತು ಗಂಟೆಗಟ್ಟಲೆ ಆರದೆ ನಿಲ್ಲುತ್ತದೆ. ಅಂದರೆ ಆ ಕೇಬಲ್ ಸಂಖ್ಯೆಗಳನ್ನು ಮುಟ್ಟುತ್ತಿಲ್ಲ.

ಜಿಟರ್: ಕೇಬಲ್ ಪರ ಇರುವ ಗಟ್ಟಿ ವಾದ

ತಿಳಿದವರು ಬಿಟ್ ಬದಲಾಗುತ್ತದೆ ಎಂದು ವಾದಿಸುವುದಿಲ್ಲ. ಅವರ ಮಾತು ಕಾಲದ ಬಗ್ಗೆ. ಸ್ವರ ಸರಿಯಿದ್ದರೆ ಸಾಲದು, ತಾಳವೂ ನಿಲ್ಲಬೇಕು ಎನ್ನುವ ಹಾಗೆ, ಮಾದರಿಗಳು ಸರಿಯಿದ್ದರೆ ಸಾಲದು, ಒಂದೊಂದೂ ಸರಿಯಾದ ಗಳಿಗೆಗೇ ವೋಲ್ಟೇಜಾಗಿ ಮಾರ್ಪಡಬೇಕು. ಆ ಗಳಿಗೆ ಹಿಂದುಮುಂದಾಗುವುದಕ್ಕೆ ಜಿಟರ್ ಎಂದು ಹೆಸರು. ಎಸ್‌ಪಿಡಿಐಎಫ್‌ನಲ್ಲಿ ಗಡಿಯಾರಕ್ಕೆಂದು ಬೇರೆ ತಂತಿಯಿಲ್ಲ, ದತ್ತಾಂಶದ ಅಂಚುಗಳಿಂದಲೇ ಗಡಿಯಾರವನ್ನು ಹೆಕ್ಕಬೇಕು. ಕೇಬಲ್ ಅಂಚುಗಳನ್ನು ಓರೆಯಾಗಿಸಿದಾಗ ಅಲೆ ಗೆರೆ ದಾಟುವ ಕ್ಷಣವೂ ಸ್ವಲ್ಪ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಹಿಂದೆ ಬಂದ ಬಿಟ್‌ಗಳ ಮೇಲೆ ನಿಂತಿರುತ್ತದೆ. ಹಾಗಾಗಿ ಬಿಟ್‌ಗಳು ಒಂದೂ ತಪ್ಪದಿದ್ದರೂ ಗಡಿಯಾರ ಅಲುಗಾಡಬಹುದು.

ಇದು ಕಟ್ಟುಕತೆಯಲ್ಲ. ಕ್ರಿಸ್ ಡನ್ ಮತ್ತು ಮಾಲ್ಕಂ ಹಾಕ್ಸ್‌ಫರ್ಡ್ 1992ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಸಮಾವೇಶದ ಮುಂದೆ ಈ ಸಂಪರ್ಕ ವಿಧಾನದಲ್ಲೇ ದೋಷವಿದೆಯೇ ಎಂಬ ಪ್ರಶ್ನೆಯನ್ನು ಪ್ರಬಂಧವಾಗಿ ಮಂಡಿಸಿದರು. ಅಂದಿನ ಅನೇಕ ಡ್ಯಾಕ್‌ಗಳು, ಅಂದರೆ ಸಂಖ್ಯೆಯನ್ನು ಅನಲಾಗ್ ಅಲೆಯಾಗಿಸುವ ಪೆಟ್ಟಿಗೆಗಳು, ಹೆಕ್ಕಿದ ಗಡಿಯಾರವನ್ನು ಹೆಚ್ಚು ಶುದ್ಧಮಾಡದೆಯೇ ಬಳಸುತ್ತಿದ್ದವು. ಅಂಥ ಪೆಟ್ಟಿಗೆಯ ಮುಂದೆ ಕೇಬಲ್‌ನ ಗುಣಕ್ಕೆ ಬೆಲೆಯಿತ್ತು. ಈ ಕೋಆಕ್ಸಿಯಲ್ ಕೇಬಲ್‌ನ ಇಂಪೀಡೆನ್ಸ್, ಅಂದರೆ ಏರಿಳಿಯುವ ವಿದ್ಯುತ್ತಿಗೆ ಅದು ಒಡ್ಡುವ ತಡೆ, 75 ಓಮ್ ಇರಬೇಕೆಂಬ ನಿಯಮದ ಹಿಂದಿರುವುದೂ ಇದೇ ಕಾರಣ. ಇಂಪೀಡೆನ್ಸ್ ತಾಳೆಯಾಗದಿದ್ದರೆ ಅಲೆಯ ಒಂದು ಪಾಲು ತುದಿಯಿಂದ ಪ್ರತಿಫಲಿಸಿ ಹಿಂತಿರುಗುತ್ತದೆ, ಅಂಚು ಇನ್ನಷ್ಟು ಕದಡುತ್ತದೆ.

ಹಾಗಾದರೆ ಎಷ್ಟು ಜಿಟರ್ ಇದ್ದರೆ ಕೆಟ್ಟದ್ದು? ಕಾಗದದ ಮೇಲಿನ ಲೆಕ್ಕ ಭಯ ಹುಟ್ಟಿಸುತ್ತದೆ. 20 ಕಿಲೋಹರ್ಟ್ಸ್‌ನ ಪೂರ್ಣ ಬಲದ ಸ್ವರದಲ್ಲಿ 16 ಬಿಟ್‌ನ ನಿಖರತೆ ಉಳಿಯಬೇಕಾದರೆ ಗಳಿಗೆಯ ತಪ್ಪು ಸುಮಾರು 121 ಪಿಕೊಸೆಕೆಂಡ್ (ಒಂದು ಪಿಕೊಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು) ದಾಟಬಾರದು. ಆದರೆ ಅಷ್ಟು ಮೇಲಿನ ಸ್ವರ ಅಷ್ಟು ಬಲವಾಗಿ ಯಾವ ಸಂಗೀತದಲ್ಲೂ ಬರುವುದಿಲ್ಲ, ಬಂದರೂ ಬಹುಪಾಲು ವಯಸ್ಕರ ಕಿವಿಗೆ ಅದು ಮುಟ್ಟುವುದಿಲ್ಲ. ಕಿವಿಯನ್ನೇ ಕೇಳಿದಾಗ ಸಿಕ್ಕ ಉತ್ತರ ಬೇರೆ. ಎರಿಕ್ ಬೆಂಜಮಿನ್ ಮತ್ತು ಬೆಂಜಮಿನ್ ಗ್ಯಾನನ್ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಂಗೀತ ಕೇಳುವಾಗ 20 ನ್ಯಾನೊಸೆಕೆಂಡಿಗಿಂತ ಕಡಿಮೆ ಜಿಟರನ್ನು ಯಾರೂ ಗುರುತಿಸಲಿಲ್ಲ. 20 ನ್ಯಾನೊಸೆಕೆಂಡ್ ಎಂದರೆ 20,000 ಪಿಕೊಸೆಕೆಂಡ್. 2005ರಲ್ಲಿ ಜಪಾನಿನ ಸಂಶೋಧಕರು ನಡೆಸಿದ ಪ್ರಯೋಗದಲ್ಲಿ, ನುರಿತ ಕಿವಿಗಳಿಗೂ ಯಾದೃಚ್ಛಿಕ ಜಿಟರ್ ಗೊತ್ತಾಗಲು ಕೆಲವು ನೂರು ನ್ಯಾನೊಸೆಕೆಂಡ್ ಬೇಕಾಯಿತು. ಮನೆಯ ಒಂದೆರಡು ಮೀಟರ್ ಕೇಬಲ್ ಹುಟ್ಟಿಸುವ ಜಿಟರ್ ಇದರ ಹತ್ತಿರಕ್ಕೂ ಬರುವುದಿಲ್ಲ.

ಮುಖ್ಯವಾಗಿ, ಆ ಸಮಸ್ಯೆಯನ್ನು ಬಗೆಹರಿಸಿದ್ದು ಕೇಬಲ್ ಕಂಪನಿಗಳಲ್ಲ, ಡ್ಯಾಕ್ ರೂಪಿಸುವವರು. ಅಸಿಂಕ್ರನಸ್ ಯುಎಸ್‌ಬಿ ವಿಧಾನದಲ್ಲಿ ಗಡಿಯಾರ ಇರುವುದು ಡ್ಯಾಕ್‌ನ ಒಳಗೇ, ಅದರದೇ ಸ್ಫಟಿಕದಲ್ಲಿ. ಬೇಗ ಕಳಿಸು, ನಿಧಾನ ಕಳಿಸು ಎಂದು ಕಂಪ್ಯೂಟರಿಗೆ ಹೇಳುವುದು ಡ್ಯಾಕ್. ಬಂದ ದತ್ತಾಂಶ ಮೊದಲು ಬಫರ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ತಂಗುತ್ತದೆ, ಅಲ್ಲಿಂದ ಡ್ಯಾಕ್‌ನದೇ ಗಡಿಯಾರದ ಲಯಕ್ಕೆ ಹೊರಬರುತ್ತದೆ. ಕೇಬಲ್‌ನಲ್ಲಿ ಬಿಟ್ ತುಸು ಮುಂಚೆ ಬಂತೋ ತಡವಾಗಿ ಬಂತೋ ಎಂಬ ಲೆಕ್ಕ ಬಫರಿನ ಬಾಗಿಲಲ್ಲೇ ಮುಗಿದುಹೋಗುತ್ತದೆ.

ಗದ್ದಲ ಮಾತ್ರ ನಿಜ

ಉಳಿದದ್ದು ಇನ್ನೊಂದೇ ದಾರಿ, ಅದನ್ನು ತಳ್ಳಿಹಾಕುವಂತಿಲ್ಲ. ಯುಎಸ್‌ಬಿ ಕೇಬಲ್‌ನಲ್ಲಿ ದತ್ತಾಂಶದ ಎರಡು ತಂತಿಗಳಲ್ಲದೆ 5 ವೋಲ್ಟಿನ ವಿದ್ಯುತ್ ತಂತಿ ಮತ್ತು ಗ್ರೌಂಡ್ ತಂತಿಯೂ ಇರುತ್ತವೆ. ಕಂಪ್ಯೂಟರಿನ ಒಳಗಿನ ವಿದ್ಯುತ್ ಗದ್ದಲ ಆ ಗ್ರೌಂಡ್ ತಂತಿ ಹಿಡಿದು ಡ್ಯಾಕಿಗೆ ಬರಬಹುದು, ಅಲ್ಲಿಂದ ಅನಲಾಗ್ ತಂತಿಯ ಮೂಲಕ ಆಂಪ್ಲಿಫೈಯರಿಗೂ ಹೋಗಬಹುದು. ಹಾಡು ನಿಂತಾಗ ಸ್ಪೀಕರಿನಿಂದ ಸಣ್ಣದೊಂದು ‘ಕೀ’ ಸದ್ದು ಬರುತ್ತದೆ. ಮೌಸ್ ಆಡಿಸಿದರೆ ಆ ಸದ್ದಿನ ಶ್ರುತಿ ಏರಿಳಿಯುತ್ತದೆ, ಆಟವೊಂದನ್ನು ತೆರೆದು ಗ್ರಾಫಿಕ್ಸ್ ಕಾರ್ಡ್ ದುಡಿಯತೊಡಗಿದರೆ ಇನ್ನೂ ಜೋರಾಗುತ್ತದೆ. ಇದು ಭ್ರಮೆಯಲ್ಲ, ಯಾರಿಗಾದರೂ ಕೇಳಿಸುತ್ತದೆ. ಎರಡು ಉಪಕರಣಗಳು ಬೇರೆ ಬೇರೆ ದಾರಿಯಲ್ಲಿ ಗ್ರೌಂಡಿಗೆ ಸೇರಿ ಗ್ರೌಂಡ್ ಲೂಪ್ ಉಂಟಾದಾಗ ಕೇಳುವ 50 ಅಥವಾ 60 ಹರ್ಟ್ಸ್‌ನ ‘ಗುಂಯ್’ ಕೂಡ ಹೀಗೆಯೇ ಬರುತ್ತದೆ.

ಹಾಗಾದರೆ ದುಬಾರಿ ಕೇಬಲ್ ಇದನ್ನು ತಡೆಯುತ್ತದೆಯೇ? ಗದ್ದಲ ಹರಿಯುವುದು ಕೇಬಲ್ ಕೆಟ್ಟದ್ದೆಂಬ ಕಾರಣಕ್ಕಲ್ಲ, ಎರಡು ಪೆಟ್ಟಿಗೆಗಳ ನಡುವೆ ಲೋಹದ ನಂಟಿದೆ ಎಂಬ ಕಾರಣಕ್ಕೆ. ಬೆಳ್ಳಿಯ ತಂತಿಯೂ ಲೋಹವೇ. ಆ ನಂಟನ್ನೇ ಕಡಿಯುವುದು ನಿಜವಾದ ಪರಿಹಾರ. 1983ರಲ್ಲಿ ತೋಷಿಬಾ ರೂಪಿಸಿದ ಟಾಸ್‌ಲಿಂಕ್ ಕೇಬಲ್‌ನಲ್ಲಿ ಕೆಂಪು ಬೆಳಕು ಪ್ಲಾಸ್ಟಿಕ್ ಎಳೆಯೊಳಗೆ ಹರಿಯುತ್ತದೆ. ಅಲ್ಲಿ ತಾಮ್ರವೇ ಇಲ್ಲ, ಆದ್ದರಿಂದ ಗ್ರೌಂಡ್ ಗದ್ದಲಕ್ಕೆ ದಾಟಲು ಸೇತುವೆಯೇ ಇಲ್ಲ. ಯುಎಸ್‌ಬಿಯನ್ನೇ ಬಳಸಬೇಕಿದ್ದರೆ ಐಸೊಲೇಟರ್ ಎಂಬ ಪುಟ್ಟ ಉಪಕರಣ ಸಿಗುತ್ತದೆ, ಒಳಗೇ ಐಸೊಲೇಶನ್ ಇರುವ ಡ್ಯಾಕ್‌ಗಳೂ ಇವೆ. ಇಲ್ಲಿ ಫಲ ಕೊಡುವುದು ಕೇಬಲ್‌ನ ಬಗೆ, ಅದರ ಬೆಲೆಯಲ್ಲ.

ಈಥರ್ನೆಟ್ ಮತ್ತು ಎಚ್‌ಡಿಎಂಐ

ಸ್ಟ್ರೀಮಿಂಗ್ ಹೆಚ್ಚಾದಂತೆ ಚರ್ಚೆ ನೆಟ್‌ವರ್ಕ್ ಕೇಬಲ್‌ಗೂ ಹಬ್ಬಿದೆ. ಆಡಿಯೋಗೆಂದೇ ಮಾಡಿದ ಈಥರ್ನೆಟ್ ಕೇಬಲ್, ನೆಟ್‌ವರ್ಕ್ ತಂತಿಗಳನ್ನು ಕೂಡಿಸುವ, ಆಡಿಯೋಗೆಂದೇ ಮಾಡಿದ ಸ್ವಿಚ್ ಮಾರಾಟಕ್ಕಿವೆ. ಕೇಬಲ್ ಪರ ವಾದ ಅತ್ಯಂತ ದುರ್ಬಲವಾಗುವುದು ಇಲ್ಲೇ. ಈಥರ್ನೆಟ್‌ನಲ್ಲಿ ಪ್ರತಿ ಕಟ್ಟಿಗೂ 32 ಬಿಟ್‌ನ ತಪಾಸಣಾ ಸಂಖ್ಯೆ ಇರುತ್ತದೆ. ಅದು ತಾಳೆಯಾಗದ ಕಟ್ಟನ್ನು ಸ್ವೀಕರಿಸುವ ಉಪಕರಣ ಬಿಸಾಡುತ್ತದೆ, ಟಿಸಿಪಿ ಎಂಬ ನೆಟ್‌ವರ್ಕ್ ಸಂವಹನ ವಿಧಾನ ಅದನ್ನು ಮತ್ತೊಮ್ಮೆ ತರಿಸಿಕೊಳ್ಳುತ್ತದೆ. ಸಾಮಾನ್ಯ ಈಥರ್ನೆಟ್ ಕಿಂಡಿಯೊಳಗೇ ಟ್ರಾನ್ಸ್‌ಫಾರ್ಮರ್ ಇದ್ದು ವಿದ್ಯುತ್ ನಂಟನ್ನು ಅಲ್ಲೇ ಕಡಿದಿರುತ್ತಾರೆ. ಹಾಡು ನುಡಿಯುತ್ತಿರುವಾಗ ಸ್ಟ್ರೀಮರ್‌ನ, ಅಂದರೆ ನೆಟ್‌ವರ್ಕಿನಿಂದ ಹಾಡು ತರಿಸಿ ನುಡಿಸುವ ಪೆಟ್ಟಿಗೆಯ, ಈಥರ್ನೆಟ್ ತಂತಿಯನ್ನು ಕಿತ್ತು ನೋಡಿ. ಹೆಚ್ಚಿನ ಸ್ಟ್ರೀಮರ್‌ಗಳಲ್ಲಿ ಸಂಗೀತ ಕೂಡಲೇ ನಿಲ್ಲುವುದಿಲ್ಲ, ಬಫರಿನಲ್ಲಿದ್ದಷ್ಟು ಹೊತ್ತು ಮುಂದುವರಿಯುತ್ತದೆ. ಆ ಹೊತ್ತಿನಲ್ಲಿ ಕೇಬಲ್ ಎಂಬುದೇ ಇಲ್ಲ. ಕೇಬಲ್ ಧ್ವನಿಯನ್ನು ರೂಪಿಸುತ್ತಿದ್ದರೆ ತಂತಿ ಕಿತ್ತ ಗಳಿಗೆಯಲ್ಲಿ ಧ್ವನಿ ಬದಲಾಗಬೇಕಿತ್ತು.

ಎಚ್‌ಡಿಎಂಐನ ಕಥೆ ಬೇರೆ. ಅಲ್ಲಿ ಗುಣಮಟ್ಟ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ, ಆದರೆ ಅದು ಚಿತ್ರದ ಕಾರಣಕ್ಕೆ. ಎಂಟು ಚಾನೆಲ್, 24 ಬಿಟ್, 192 ಕಿಲೋಹರ್ಟ್ಸ್‌ನ ಆಡಿಯೋ ಕೂಡ ಸೆಕೆಂಡಿಗೆ ಸುಮಾರು 37 ಮೆಗಾಬಿಟ್ ಮಾತ್ರ. ಎಚ್‌ಡಿಎಂಐ 2.0ರ ಸಾಮರ್ಥ್ಯ 18 ಗಿಗಾಬಿಟ್, 2.1ರದ್ದು 48 ಗಿಗಾಬಿಟ್. ಇಷ್ಟು ವೇಗದ ಸಂಕೇತ ಉದ್ದದ ತಾಮ್ರದಲ್ಲಿ ಬೇಗ ಸೋಲುತ್ತದೆ. ಸೋತಾಗ ಪರದೆಯ ಮೇಲೆ ಬಿಳಿ ಚುಕ್ಕಿಗಳು ಮಿನುಗುತ್ತವೆ, ಇಲ್ಲವೇ ಪರದೆ ಕಪ್ಪಾಗುತ್ತದೆ. ಎಚ್‌ಡಿಎಂಐನಲ್ಲಿ ಆಡಿಯೋ ದತ್ತಾಂಶಕ್ಕೆ ಪ್ರತ್ಯೇಕ ತಪ್ಪುತಿದ್ದುವ ಸಂಕೇತವಿರುವುದರಿಂದ ಸಾಮಾನ್ಯವಾಗಿ ಮೊದಲು ಕೆಡುವುದು ಚಿತ್ರವೇ. ಹೀಗಾಗಿ 2.1 ಕೇಬಲ್ ಕೊಳ್ಳುವಾಗ ‘ಅಲ್ಟ್ರಾ ಹೈಸ್ಪೀಡ್’ ಪ್ರಮಾಣಪತ್ರದ ಚೀಟಿ ಇದೆಯೇ ಎಂದು ನೋಡಿ, ಅದರ ಮೇಲಿನ ಕ್ಯೂಆರ್ ಸಂಕೇತವನ್ನು ಮೊಬೈಲ್‌ನಲ್ಲಿ ಪರಿಶೀಲಿಸುವುದು ಸಾರ್ಥಕ.

‘ನನಗೆ ಕೇಳಿಸಿತಲ್ಲ!’

ಇಷ್ಟೆಲ್ಲ ಆದ ಮೇಲೂ ವ್ಯತ್ಯಾಸ ಕೇಳಿಸಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕೇಳಿಸಿದ್ದು ನಿಜ. ಪ್ರಶ್ನೆ ಇರುವುದು ಕಾರಣದ ಬಗ್ಗೆ. ಕೇಬಲ್ ಬದಲಿಸಲು ಎದ್ದು ಹೋಗಿ ಬಂದು ಕುಳಿತಾಗ ತಲೆ ಕೆಲವು ಅಂಗುಲ ಆಚೀಚೆ ಆಗಿರುತ್ತದೆ. ಕೋಣೆಯ ಗೋಡೆಗಳ ಪ್ರತಿಫಲನದಿಂದಾಗಿ ಅಷ್ಟಕ್ಕೇ ಮೇಲಿನ ಸ್ವರಗಳ ಮಟ್ಟ ಬದಲಾಗುತ್ತದೆ. ಎರಡನೇ ಸಲ ಕೇಳುವಾಗ ಗಮನ ಹೆಚ್ಚಿರುತ್ತದೆ, ಮೊದಲ ಸಲ ತಪ್ಪಿಸಿಕೊಂಡ ತಂಬೂರಿಯ ಎಳೆ ಈಗ ಸಿಗುತ್ತದೆ. ಧ್ವನಿಯ ಸೂಕ್ಷ್ಮ ವಿವರ ನೆನಪಿನಲ್ಲಿ ನಿಲ್ಲುವುದು ಕೆಲವೇ ಸೆಕೆಂಡು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ, ಹೊಸ ಕೇಬಲ್ ಮತ್ತು ಹೊಸ ಗಮನ ಒಟ್ಟಿಗೇ ಬರುತ್ತವೆ, ಶ್ರೇಯಸ್ಸು ಕೇಬಲ್‌ಗೆ ಸಲ್ಲುತ್ತದೆ.

ಇದನ್ನು ಬೇರ್ಪಡಿಸಲೆಂದೇ ಕುರುಡು ಪರೀಕ್ಷೆ ಇದೆ. ಯಾವ ಕೇಬಲ್ ಜೋಡಿಸಿದೆ ಎಂಬುದು ಕೇಳುವವರಿಗೂ ಗೊತ್ತಿರಬಾರದು, ಬದಲಿಸುವವರ ಮುಖಭಾವದಿಂದಲೂ ತಿಳಿಯಬಾರದು. 16 ಸಲ ಬದಲಿಸಿ ಕೇಳಿಸಿದಾಗ 12 ಅಥವಾ ಹೆಚ್ಚು ಸಲ ಸರಿಯಾಗಿ ಗುರುತಿಸಿದರೆ ಅದಕ್ಕೆ ಬೆಲೆಯಿದೆ. ಬರೀ ನಾಣ್ಯ ಚಿಮ್ಮಿ ಉತ್ತರಿಸಿದರೆ ಅಷ್ಟು ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಎರಡು ಕೇಬಲ್ ಹಾಕಿ ಡ್ಯಾಕ್‌ನ ಅನಲಾಗ್ ಧ್ವನಿಯನ್ನು ಎರಡು ಸಲ ಮುದ್ರಿಸಿ, ಒಂದರಿಂದ ಇನ್ನೊಂದನ್ನು ಕಳೆಯುವ ವಿಧಾನವೂ ಇದೆ. ಅದಕ್ಕೆ ನೆನಪಿನ ಹಂಗಿಲ್ಲ. ಧ್ವನಿ ಬೇರೆಯಾಗಿದ್ದರೆ ಕಳೆದು ಉಳಿದ ಕಡತದಲ್ಲಿ ಸಂಗೀತದ ಚೂರು ಸಿಗಬೇಕು.

ಮುಂದೇನು?

ಲಾಸ್‌ಲೆಸ್ ಸ್ಟ್ರೀಮಿಂಗ್ ಹೆಚ್ಚಿದಂತೆ ಕೇಬಲ್ ಮಾರುಕಟ್ಟೆಯೂ ಬೆಳೆಯುತ್ತದೆ, ಅದರ ವಾದದ ನೆಲೆಯೂ ಸರಿಯುತ್ತಾ ಹೋಗುತ್ತದೆ. ಬಿಟ್ ತಪ್ಪುತ್ತದೆ ಎಂಬ ಮಾತು ನಿಲ್ಲದಾಗ ಜಿಟರ್ ಬಂತು, ಅಸಿಂಕ್ರನಸ್ ಡ್ಯಾಕ್ ಬಂದ ಮೇಲೆ ಗದ್ದಲದ ಮಾತು ಮುಂದಾಯಿತು, ಈಗ ಅದೇ ಮಾತು ನೆಟ್‌ವರ್ಕ್ ಸ್ವಿಚ್‌ನವರೆಗೂ ಹೋಗಿದೆ. ಸಿಗ್ನಲ್ ಕೆಡುವ ದಾರಿ ಇದೆ ಎಂದು ತೋರಿಸುವುದು ಸುಲಭ. ಆ ದಾರಿಯಲ್ಲಿ ಬಂದದ್ದು ಸ್ಪೀಕರಿನಿಂದ ಕೇಳಿಸುತ್ತದೆ ಎಂದು ತೋರಿಸುವುದು ಬೇರೆಯೇ ಕೆಲಸ. ಗಿರಾಕಿ ಕೇಳಬೇಕಾದದ್ದು ಆ ಎರಡನೆಯದನ್ನು.

ಇದರ ಪೆಟ್ಟು ಬೀಳುವುದು ಹೊಸಬರ ಮೇಲೆ. ಕಟ್ಟುನಿಟ್ಟಾದ ಬಜೆಟ್‌ನಲ್ಲಿ ಕೇಬಲ್‌ಗೆ ಹೋದ ಹಣ ಸ್ಪೀಕರಿನಿಂದ ಕಡಿತವಾದ ಹಣ. ಎರಡು ಸ್ಪೀಕರ್‌ಗಳ ನಡುವಿನ ವ್ಯತ್ಯಾಸ, ಅವನ್ನು ಗೋಡೆಯಿಂದ ಒಂದಡಿ ಮುಂದಕ್ಕೆ ಎಳೆದಾಗ ಬಾಸ್‌ನಲ್ಲಾಗುವ ಬದಲಾವಣೆ ಹಲವು ಡೆಸಿಬೆಲ್‌ಗಳಷ್ಟು, ಮೊದಲ ಹಾಡಿಗೇ ಗೊತ್ತಾಗುವಂಥದ್ದು. ಡಿಜಿಟಲ್ ಕೇಬಲ್‌ಗೆ ಬೇಕಾದದ್ದು ಇಷ್ಟೇ: ನಿಗದಿತ ಮಾನದಂಡಕ್ಕೆ ತಕ್ಕ ರಚನೆ, ಅಲುಗದ ಕನೆಕ್ಟರ್, ಅಗತ್ಯಕ್ಕಿಂತ ಹೆಚ್ಚಿರದ ಉದ್ದ. ಟಾಸ್‌ಲಿಂಕನ್ನು ಚೂಪಾಗಿ ಬಗ್ಗಿಸಬಾರದು, ಬಗ್ಗಿಸಿದಲ್ಲಿ ಬೆಳಕು ಸೋರುತ್ತದೆ.

ಕೇಬಲ್ ಬದಲಿಸಿದಾಗ ಧ್ವನಿ ನಿಜವಾಗಿ, ಮತ್ತೆ ಮತ್ತೆ, ಕಣ್ಣು ಮುಚ್ಚಿದರೂ ಬೇರೆಯಾಗಿ ಕೇಳುತ್ತಿದ್ದರೆ ಅದನ್ನು ಹಗುರವಾಗಿ ಬಿಡಬೇಡಿ. ಅದೊಂದು ರೋಗಲಕ್ಷಣ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ ನೋಡಿ. ಸದ್ದು ಶುದ್ಧವಾದರೆ ಗ್ರೌಂಡಿನಲ್ಲಿ ತೊಂದರೆಯಿದೆ, ಟಾಸ್‌ಲಿಂಕ್ ಅಥವಾ ಐಸೊಲೇಟರ್ ಅದನ್ನು ನೀಗಿಸುತ್ತದೆ. ಟಪಟಪ ಸದ್ದಿದ್ದರೆ ಕನೆಕ್ಟರ್ ಸಡಿಲವಾಗಿದೆ, ಇಲ್ಲವೇ ಕೇಬಲ್ ಸತ್ತಿದೆ, ಮಾನದಂಡಕ್ಕೆ ತಕ್ಕ ಇನ್ನೊಂದನ್ನು ಹಾಕಿದರೆ ಸಾಕು. ಡಿಜಿಟಲ್ ಕೇಬಲನ್ನು ಪೂರ್ತಿ ಕಿತ್ತಿಟ್ಟ ಮೇಲೂ ‘ಗುಂಯ್’ ನಿಲ್ಲದಿದ್ದರೆ ಹುಡುಕಬೇಕಾದದ್ದು ಆಂಪ್ಲಿಫೈಯರ್ ಮತ್ತು ಅದಕ್ಕೆ ಬರುವ ಅನಲಾಗ್ ತಂತಿಗಳ ಕಡೆ.